ಗುರಣ್ಣನ ಡಬ್ಬಿ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಕಾಂಕ್ರೀಟು ಒಣಗಿದರೆ ಡ್ರಮ್ಮೇ ಹೋಯಿತು – ಗಾದೆಯ ಕುಲಗೆಡಿಸಿದವನು ನಾನೇ, ಆದರೆ ಅದರ ಬಾಲಕ್ಕೆ ಕಟ್ಟಿಕೊಂಡಿರುವ ಕಥೆ ಮಾತ್ರ ಖರೆ, ಮುಂದಿನ ಗಣಪತಿಗೆ ಕನ್ನಡ ಸಂಘದ ವೇದಿಕೆಯ ಮೇಲೆ ಹೇಳಿದರೆ ಒಬ್ಬರೂ ನಂಬಲಿಕ್ಕಿಲ್ಲ, ನಂಬದಿದ್ದರೇ ಚಲೋ – ಕಿಟಕಿಯ ಕೆಳಗೆ ಇನ್ನೊಂದು ಗಾಡಿ ಅಂಗಳದಿಂದ ಹೊರಳುತ್ತಿದೆ, ಬೆನ್ನ ಮೇಲಿನ ಡ್ರಮ್ಮು ಗರಗರ ಗರಗರ, ಮೆಲುಕು ಹಾಕುವ ಎಮ್ಮೆಯ ದವಡೆ, ನಿಂತಿತೋ ಒಳಗಿನ ಮಾಲೆಲ್ಲ ಬಂಡೆಗಲ್ಲು, ಆಮೇಲೆ ಸುತ್ತಿಗೆ ಹಿಡಿದು ಡ್ರಮ್ಮಿನ ಹೊಟ್ಟೆಗಿಳಿದು ಒಡೆಯಬೇಕು, ನನ್ನ ಹೊಟ್ಟೆಯೂ ಗರಗರ, ಮಧ್ಯಾಹ್ನವಾಯಿತು, ಡಬ್ಬಿ ಇನ್ನೂ ಬಂದಿಲ್ಲ, ಇವತ್ತು ಬದನೆಕಾಯಿ ಎಣ್ಣೆಗಾಯಿ ಇರಬಹುದು, ಇರಲೇಬೇಕು, ನಿನ್ನೆ ಬೇಳೆಯಾಗಿತ್ತು. ಪುಣೆಯ ಕೊಂಢವಾ ಗುಡ್ಡದ ಈ ರೆಡಿಮಿಕ್ಸ್ ಕಾಂಕ್ರೀಟು ಪ್ಲಾಂಟಿನ ಮೇಲುಕೋಣೆಯಲ್ಲಿ ಮೇಜಿನ ಮೇಲೆ ಎರಡು ಪೆಟ್ಟಿಗೆ, ಎಡಗಡೆ ವೈರ್‌ಲೆಸ್ಸು, ಬಲಗಡೆ ಕಂಪ್ಯೂಟರು, ನಡುವೆ ನಾನು, ಸದಾನಂದ, ಬಿ.ಎ., ಧಾರವಾಡದ ಕಾಲೇಜಿನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಮೈಕಿನಲ್ಲಿ ರಜೆ ಘೋಷಿಸಿ ಇಡೀ ಕಾಲೇಜನ್ನೇ ಮನೆಗೆ ಕಳಿಸಿದವನು, ರೆಡಿಮಿಕ್ಸಿಗೆ ಬಂದು ರೆಡಿ ಮಿಮಿಕ್ರಿ ಆದವನು – ವೈರ್‌ಲೆಸ್ಸು ಕರಕರ ಅನ್ನುತ್ತದೆ, ಗುರಣ್ಣಾ ಗುರಣ್ಣಾ, ನಾ ಅವ್ವಣ್ಣ, ಫಾತಿಮಾನಗರ ದಾಟ್ಲಾಕತ್ತೀನಿ – ನಾನು ಗದ್ದವನ್ನು ಎದೆಗೆ ಇಳಿಸುತ್ತೇನೆ, ಒಂದು ಕೆನ್ನೆಯೊಳಗೆ ಇಲ್ಲದ ಎಲೆಅಡಿಕೆ ಒತ್ತರಿಸಿಕೊಳ್ಳುತ್ತೇನೆ, ಗುಂಡಿ ಅದುಮುತ್ತೇನೆ, ಬಾಯಿಂದ ಹೊರಬರುವ ದನಿ ನನ್ನದಲ್ಲ – ಏ ಅವ್ವಣ್ಣಾ, ಊಟ ಆತೇನೋ ಮಗನ?

ಆ ದನಿ ಗುರಣ್ಣನದು. ಖರೇ ಗುರಣ್ಣ ಇಲ್ಲಿಲ್ಲ, ವಾನವಡಿಯ ತನ್ನ ಮನೆಯ ಒಳಕೋಣೆಯಲ್ಲಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕೂತಿದ್ದಾನೆ, ಇದು ಗೊತ್ತಿರುವುದು ನನಗೆ, ಅವನ ಹೆಂಡತಿ ರುದ್ರವ್ವನಿಗೆ, ಕಂಪ್ಯೂಟರಿನ ರಂಜನಾಗೆ, ಗಾಡಿ ಹೊಡೆಯುವ ಒಬ್ಬನಿಗೂ ಗೊತ್ತಿಲ್ಲ, ಅವರ ಲೆಕ್ಕದಲ್ಲಿ ಗುರಣ್ಣ ಆಪರೇಶನ್ ಮುಗಿಸಿ ವಾಪಸು ಬಂದು ಮೊದಲಿನ ಹಾಗೆ ಮೇಲುಕೋಣೆಯಲ್ಲೇ ಇದ್ದಾನೆ, ಡಾಕ್ಟರು ಯಾರೂ ಹತ್ತಿರ ಹೋಗಬಾರದು ಅಂದಿದ್ದಾರೆ, ಧೂಳು ಆಗಿಬರುವುದಿಲ್ಲ ಅಂದಿದ್ದಾರೆ, ಇದೂ ನಾನು ಹಬ್ಬಿಸಿದ್ದೇ. ಹುಡುಗರು ಏಣಿಯ ಬುಡದಲ್ಲಿ ಮೋಸಂಬಿ ಇಟ್ಟುಹೋಗುತ್ತಾರೆ, ಊರಿಗೆ ಹೋಗಿಬಂದವರು ಶೇಂಗಾ ಹೋಳಿಗೆ ಇಡುತ್ತಾರೆ, ಒಬ್ಬನಂತೂ ಗಂಟಲಿಗೆ ಚಲೋ ಅಂತ ಜೇಷ್ಠಮಧುವಿನ ಕಡ್ಡಿ. ಶಹಾಪುರ, ಸುರಪುರ, ಸೇಡಂ ಕಡೆಯ ಹುಡುಗರು, ಪುಣೆಗೆ ಗಾರೆ ಹೊರಲು ಬಂದವರನ್ನು ಸ್ಟೇರಿಂಗ್ ಹಿಂದೆ ಕೂರಿಸಿದವನು ಗುರಣ್ಣ, ಯಾವ ಚೌಕದಲ್ಲಿ ಪೊಲೀಸನು ಎಲ್ಲಿ ಅಡಗಿರುತ್ತಾನೆ, ಯಾವ ಸೇತುವೆಯ ಕೆಳಗೆ ಡ್ರಮ್ಮು ತಾಗುತ್ತದೆ, ಎಲ್ಲ ವೈರ್‌ಲೆಸ್ಸಿನಲ್ಲಿ ಕೂಗಿ ಕೂಗಿ ಕಲಿಸಿದವನು, ಎಷ್ಟೇ ಗಡಿಬಿಡಿಯಿರಲಿ ಮೊದಲು ಊಟ ಆತೇನೋ ಮಗನ, ಆಮೇಲೆ ದಾರಿ. ಮತ್ತೆ ಆ ನಗು, ಅವನು ನಕ್ಕರೆ ವೈರ್‌ಲೆಸ್ಸೇ ಕಿರ್ರೋ ಅನ್ನುತ್ತಿತ್ತು, ಹುಡುಗರು ಆವಾಜು ಕಡಿಮೆ ಮಾಡಿಕೊಳ್ಳುತ್ತಿದ್ದರು. ಆ ಗಂಟಲನ್ನೇ ತೆಗೆದರು. ಎಲೆಅಡಿಕೆ ತಂಬಾಕು, ಇಡೀ ಆಯುಷ್ಯದ್ದು. ಆಸ್ಪತ್ರೆಯಿಂದ ಬಂದ ದಿನ ರುದ್ರವ್ವ ಪಾಟಿ-ಬಳಪ ಕೊಟ್ಟಳು, ಬರ್ದು ತೋರಸ್ರಿ ಅಂದಳು, ಗುರಣ್ಣ ಪಾಟಿಯನ್ನು ಮಂಚದ ಕೆಳಗೆ ಸರಿಸಿದ, ಬರೆದು ಬೈದರೆ ಅದು ಬೈಗುಳವೇ ಅಲ್ಲ ಅನ್ನುವ ಮನುಷ್ಯ, ಕೊನೆಗೆ ಹಳೆಯ ರಿಕ್ಷಾದ ಹಾರ್ನೊಂದು ಎಲ್ಲಿಂದಲೋ ಬಂತು, ಹಿತ್ತಾಳೆಯ ಸೊಂಡಿಲು, ತುದಿಗೆ ಕಪ್ಪು ರಬ್ಬರಿನ ಗುಂಡು. ಒಂದು ಪೊಂ ಅಂದರೆ ಹೌದು, ಎರಡು ಪೊಂ ಅಂದರೆ ಇಲ್ಲ, ಮೂರು ಪೊಂ ಅಂದರೆ ರುದ್ರವ್ವಾ ಬಾ. ಅಷ್ಟೇ ಭಾಷೆ. ಅವನ ಮುಷ್ಟಿಯಲ್ಲಿ ಆ ಕಪ್ಪು ಗುಂಡು ಹಿಂಡಿಹೋಗುತ್ತದೆ, ಆಮೇಲೆ ನಿಧಾನಕ್ಕೆ ಉಬ್ಬುತ್ತದೆ, ಕೋಣೆಯಲ್ಲಿ ಅದೇ ಉಸಿರಾಡುತ್ತಿದೆಯೇನೋ ಅನ್ನುವ ಹಾಗೆ, ನಾನು ಅದನ್ನೇ ನೋಡುತ್ತ ಕೂರುತ್ತೇನೆ, ಮುಖ ನೋಡಲು ಧೈರ್ಯವಿಲ್ಲ. ಹುಡುಗರ ಎದುರಿಗೆ ಬರಲು ಅವನು ಒಪ್ಪಲಿಲ್ಲ. ಎರಡು ಪೊಂ. ಮತ್ತೆ ಕೇಳಿದೆ. ಎರಡು ಪೊಂ.

ಬಲಗಡೆಯ ಪೆಟ್ಟಿಗೆಯ ಕಥೆ ಬೇರೆ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಒಮ್ಮೆಗೇ ಸಾಯುತ್ತವೆ ಅಂದಿದ್ದರು, ಸಾಯಲಿಲ್ಲ, ನಾಲ್ಕು ವರ್ಷ ತಡಮಾಡಿ ನನ್ನ ಮೇಜಿಗೇ ಬಂದು ಕೂತವು. ರಂಜನಾ ತಂದಳು, ಪ್ಲಾಂಟಿನ ಮಾಲೀಕ ಸೇಠರ ತಂಗಿಯ ಮಗಳ ಗೆಳತಿ, ವಿಮಾನ ನಗರದ ಆಫೀಸಿನವಳು, ಪುಣೆಯಲ್ಲೇ ಹುಟ್ಟಿ ಮನೆಯಲ್ಲಿ ಮಾತ್ರ ಕನ್ನಡ ಆಡಿದವಳು. ಗುರಣ್ಣ ಎರಡು ವರ್ಷ ಯಾವ ಗಾಡಿಯನ್ನು ಯಾವ ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಕಳಿಸಿದ ಅನ್ನುವುದನ್ನೆಲ್ಲ ನಾನೇ ಟೈಪು ಮಾಡಿ ಇಟ್ಟಿದ್ದೆ, ಅದನ್ನಷ್ಟೂ ಆ ಪೆಟ್ಟಿಗೆಗೆ ಉಣಿಸಿದಳು, ಇದಕ್ಕ ಯಾರೂ ಏನೂ ಹೇಳಿಕೊಡೂದಿಲ್ಲೋ ಸದಾನಂದ, ಗುರಣ್ಣ ಮಾಡಿದ್ದು ನೋಡಿ ನೋಡಿ ತಾನ ಕಲೀತದ, ಲಹಾನ ಪೋರಂ, ಸಣ್ಣ ಹುಡುಗೂರು ಕಲೀತಾವಲ್ಲ, ತಸಂಚ್, ಹಂಗ. ಪರದೆಯ ಮೇಲೆ ಹಸಿರು ಅಕ್ಷರ ಬರುತ್ತದೆ, ನಾಲ್ಕನೇ ಗಾಡಿ, ಹಡಪಸರ್ ಮೇಲೆ, ಖರಾಡಿಗೆ. ಹುಡುಗರು ಅದಕ್ಕೆ ಅಳಿಯ ಅಂತ ಹೆಸರಿಟ್ಟರು, ದುಬಾರಿ, ಮನೆಯಲ್ಲಿ ಎ.ಸಿ. ಬೇಕು, ಎದುರುಮಾತು ಆಡುವಂತಿಲ್ಲ, ಮಾಡುವ ಕೆಲಸ ಏನೆಂದು ಯಾರಿಗೂ ಗೊತ್ತಿಲ್ಲ. ಗುರಣ್ಣ ಆಸ್ಪತ್ರೆ ಸೇರಿದ ತಿಂಗಳೇ ಅಳಿಯ ಅವ್ವಣ್ಣನನ್ನು ಮುಂಢವಾದ ಒಂದು ಗಲ್ಲಿಗೆ ಕಳಿಸಿದ, ಅಲ್ಲಿ ಮದುವೆಯ ಚಪ್ಪರ, ಅಳಿಯನಿಗೆ ಚಪ್ಪರ ಹೇಗೆ ಕಂಡೀತು, ಅವನಿಗೆ ಕಣ್ಣಿಲ್ಲ, ಗುರಣ್ಣನಾದರೆ ಮುಂದ ಏನ ಕಾಣಾಕತ್ತದ ಹೇಳೋ ಅಂತ ಕೇಳಿಯೇ ದಾರಿ ಹೇಳುತ್ತಿದ್ದ. ಅವ್ವಣ್ಣ ಹಿಂದಕ್ಕೆ ತೆಗೆಯುವ ಹೊತ್ತಿಗೆ ತಿರುಗುವ ಡ್ರಮ್ಮು ಚಪ್ಪರದ ಝಾಲರಿಯನ್ನು ಸುತ್ತಿಕೊಂಡಿತ್ತು, ಬಣ್ಣದ ದೀಪದ ಸರ, ವಧೂವರರ ಹೆಸರಿನ ಬೋರ್ಡು, ಎಲ್ಲ ಸಮೇತ ಗಾಡಿ ಖರಾಡಿಯ ಸೈಟಿಗೆ ಹೋಗಿ ನಿಂತಿತು, ಸ್ಲ್ಯಾಬಿನ ಮೇಲಿಂದ ಹುಲಿಗೆವ್ವ, ಆ ಕಡೆಯ ಹೆಣ್ಣಾಳುಗಳ ಮೇಸ್ತ್ರಿ, ಸೊಂಟಕ್ಕೆ ಕೈಯಿಟ್ಟು ಕೆಳಗೆ ನೋಡಿ, ಯಾರದ್ರೋ ಲಗ್ನ, ನಮಗ ಅಕ್ಷತಾ ಎಲ್ಲಿ ಅಂದಳಂತೆ. ಮರುದಿನ ಹುಡುಗರೆಲ್ಲ ಕೀಲಿಕೈ ತೆಗೆದು ಕಿಸೆಯಲ್ಲಿಟ್ಟುಕೊಂಡರು. ಅಳಿಯನ ಮಾತ ಕೇಳಿ ಗಾಡಿ ಹೊಡ್ಯಾಂಗಿಲ್ರಿ, ಗುರಣ್ಣ ಬರ್ಲಿ, ಆಮ್ಯಾಲೆ ನೋಡಮು.

ಅವತ್ತು ಅಂಗಳದಲ್ಲಿ ಮಾಲು ತುಂಬಿದ ಗಾಡಿಗಳು ಸಾಲಾಗಿ ನಿಂತು ಡ್ರಮ್ಮು ತಿರುಗಿಸುತ್ತಿದ್ದವು, ಗರಗರ, ಒಂದೂ ಹೊರಡುವುದಿಲ್ಲ, ಸೇಠರು ಫೋನಿನಲ್ಲಿ ಬೊಬ್ಬೆ, ರಂಜನಾಳ ಕಣ್ಣಲ್ಲಿ ನೀರು, ನಾನು ಬರೀ ತಮಾಷೆಗೆ, ಆಣೆ ಮಾಡಿ ಹೇಳುತ್ತೇನೆ ಬರೀ ತಮಾಷೆಗೆ, ಅವಳನ್ನು ನಗಿಸೋಣ ಅಂತ, ಗುಂಡಿ ಅದುಮಿ ಗದ್ದ ಇಳಿಸಿ ಅಂದೆ, ಏ ಅವ್ವಣ್ಣಾ, ಊಟ ಆತೇನೋ ಮಗನ, ಇಲ್ಲಾ ಲಗ್ನದ ಊಟಾನ ಇನ್ನೂ ಹೊಟ್ಟ್ಯಾಗದೇನು? ವೈರ್‌ಲೆಸ್ಸು ಕರಕರ ಅಂತು. ಆಮೇಲೆ ಅವ್ವಣ್ಣನ ದನಿ, ಗಂಡಸಿನ ದನಿ ಹಾಗೆ ಒಡೆದದ್ದನ್ನು ನಾನು ಕೇಳಿರಲಿಲ್ಲ, ಯಾರ ದನಿಯನ್ನೂ ತೆಗೆಯಬಲ್ಲ ನನಗೆ ಇವತ್ತಿಗೂ ಅದು ತೆಗೆಯಲು ಬರುವುದಿಲ್ಲ – ಗುರಣ್ಣಾ? ಬಂದ್ಯೇನೋ ಯಪ್ಪಾ? ದನಿ ಬಂತೇನೋ? ಕೆಳಗೆ ಹುಡುಗರೆಲ್ಲ ಓ ಅಂತ ಕೂಗಿದರು. ನಾನಲ್ಲ ಅನ್ನಬೇಕಿತ್ತು, ಸದಾನಂದ ನಾನು, ಚೇಷ್ಟೆ ಮಾಡಿದೆ ಅನ್ನಬೇಕಿತ್ತು, ಆದರೆ ಆ ಸಂತೋಷವನ್ನು ಯಾವ ಬಾಯಿಂದ ವಾಪಸು ಕಸಿದುಕೊಳ್ಳುವುದು, ಪರದೆ ನೋಡಿದೆ, ಅಳಿಯ ಹೇಳಿದ್ದನ್ನು ಗುರಣ್ಣನ ದನಿಯಲ್ಲಿ ಓದಿದೆ, ನಾಲ್ಕನೇ ಗಾಡಿ ಹಡಪಸರ್ ಮ್ಯಾಲೆ ಹೋಗ್ರೋ, ಮುಂದ ಏನ ಕಾಣ್ತದ ಹೇಳ್ಕೋತ ಹೋಗು, ಕೀಲಿಕೈಗಳು ಕಿಸೆಯಿಂದ ಹೊರಬಂದವು, ಗಾಡಿಗಳು ಹೊರಟವು. ಅಂದಿನಿಂದ ಇದೇ ನಡೆದಿದೆ, ಹುಡುಗರದು ಕಣ್ಣು, ಅಳಿಯನದು ನೆನಪು, ನನ್ನದು ಬರೀ ಬಾಯಿ, ಅಳಿಯ ಅಲ್ಲ ಮಗಳ ಗಂಡ. ಅವರು ಕಂಡದ್ದನ್ನು ಹೇಳುತ್ತಾರೆ, ನಾನು ಒಳಗೆ ಹಾಕುತ್ತೇನೆ, ಚಪ್ಪರ, ಪೈಪಿನ ಅಗೆತ, ಮೊಹರಮ್ಮಿನ ಮೆರವಣಿಗೆ, ಅಳಿಯ ದಾರಿ ಬದಲಿಸುತ್ತಾನೆ, ನಾನು ಬೈಗುಳ ಸೇರಿಸಿ ಒಪ್ಪಿಸುತ್ತೇನೆ. ಈಗೀಗ ಒಂದು ಮಾಲೂ ಕಲ್ಲಾಗಿಲ್ಲ. ರಾತ್ರಿ ಮಲಗಿದಾಗ ನಗು ಬರುತ್ತದೆ, ನಾನು ಗುರಣ್ಣನ ಗಂಟಲು ಕದ್ದೆ, ಅದು ಗುರಣ್ಣನ ತಲೆ ಕದ್ದಿತು, ಪುಣೆಯಲ್ಲಿ ನನಗೆ ಸಿಕ್ಕ ಒಬ್ಬನೇ ಸರಿಸಮ ಮಿಮಿಕ್ರಿ ಕಲಾವಿದ ಒಂದು ಪೆಟ್ಟಿಗೆ, ಇಬ್ಬರೂ ಸೇರಿದರೆ ಒಂದು ಗುರಣ್ಣ, ಬರೀ ಒಂದು ಹಾರ್ನು ಕಡಿಮೆ.

ಡಬ್ಬಿಯ ವಿಷಯ ಗೊತ್ತಾದದ್ದು ಆಮೇಲೆ. ಅಳಿಯನಿಗೆ ಒಂದು ಹುಚ್ಚಿತ್ತು, ಮಧ್ಯಾಹ್ನದ ಹೊತ್ತಿಗೆ ಒಂದು ಗಾಡಿಯನ್ನು ನೆಟ್ಟಗೆ ಕಳಿಸದೆ ವಾನವಡಿಯ ಒಳರಸ್ತೆಗೆ ತಿರುಗಿಸಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸುತ್ತಿದ್ದ, ಮಾಲು ತುಂಬಿದ ಗಾಡಿ, ಯಾಕೆ, ರಂಜನಾ ತಲೆ ಕೆರೆದುಕೊಂಡಳು, ಕಾಯ್ ವೇಡ್ ಆಹೇ ಹೇ, ಏನ ಹುಚ್ಚೋ ಇದು, ಎಲ್ಲೋ ಚುಕಲಾಯಿಸ್ಯದ, ತಪ್ಪ್ಯದ ಅಂದಳು, ನನಗೂ ತಿಳಿಯಲಿಲ್ಲ, ಆದರೂ ಗುರಣ್ಣನ ದನಿಯಲ್ಲಿ ಓದಿಬಿಟ್ಟೆ, ಅವ್ವಣ್ಣಾ ವಾನವಡಿ ಒಳರಸ್ತೆಕ್ಕ ನಿಲ್ಲು, ಅವ್ವಣ್ಣ ಹೂಂ ಗೊತ್ತೈತಿ ತಗೋ ಅಂದ, ಸ್ವಲ್ಪ ಹೊತ್ತಿನ ಮೇಲೆ, ವಾಪಸು ಬರುವ ಖಾಲಿ ಗಾಡಿಯೊಂದಕ್ಕೆ ದಾಟಿ, ಏಣಿಯ ಬುಡದಲ್ಲಿ ಡಬ್ಬಿ. ಸ್ಟೀಲಿನ ನಾಲ್ಕು ಖಾನೆಯ ಡಬ್ಬಿ, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಗುರಣ್ಣನ ಊಟ! ಎರಡು ವರ್ಷ ದಿನಾ ಮಧ್ಯಾಹ್ನ ಯಾವುದಾದರೊಂದು ಗಾಡಿ ಅವನ ಮನೆಮುಂದೆ ನಿಂತು ರುದ್ರವ್ವನ ಕೈಯಿಂದ ಡಬ್ಬಿ ತರುತ್ತಿತ್ತು, ರುದ್ರವ್ವ ಹುಡುಗನಿಗೂ ಎರಡು ರೊಟ್ಟಿ ತಿನ್ನಿಸದೆ ಬಿಡುತ್ತಿರಲಿಲ್ಲ, ಆ ನಿಲುಗಡೆಯನ್ನು ನಾನೇ ಟೈಪು ಮಾಡಿದ್ದೆ, ಅಳಿಯ ಅದನ್ನೂ ಕಲಿತಿದ್ದ, ಕಾರಣ ಗೊತ್ತಿಲ್ಲದೆ, ಅತ್ತೆಮನೆಯ ಪದ್ಧತಿ ಇದ್ದೀತು ಅಂತ. ಊಟ ಆತೇನೋ ಅಂತ ಕೇಳಲು ಅವನಿಗೆ ಬಾಯಿಲ್ಲ, ಆದರೆ ಊಟದ ಮನೆಯ ಮುಂದೆ ಗಾಡಿ ನಿಲ್ಲಿಸಲು ಬರುತ್ತದೆ. ಅವತ್ತು ಬಾಗಿಲು ಬಡಿದ ಅವ್ವಣ್ಣ ಕೇಳಿದನಂತೆ, ಯವ್ವಾ, ಗುರಣ್ಣನ ಡಬ್ಬಿ ಕೊಡ್ರಿ, ವೈರ್‌ಲೆಸ್ಸಿನ್ಯಾಗ ಹೇಳ್ಯಾನ. ಒಳಕೋಣೆಯಲ್ಲಿ ಗಂಡ ಮಲಗಿದ್ದಾನೆ, ಬಾಗಿಲಲ್ಲಿ ಗಂಡನ ಡಬ್ಬಿ ಕೇಳುವವನು, ಬೇರೆ ಯಾವ ಹೆಂಗಸಾದರೂ ಕಿರುಚುತ್ತಿದ್ದಳು, ರುದ್ರವ್ವ ನಿಲ್ಲಪಾ ಬಂದೆ ಅಂದಳು, ತನ್ನ ಊಟವನ್ನೇ ಡಬ್ಬಿಗೆ ಹಾಕಿ ಕೊಟ್ಟಳು. ಸಂಜೆ ನಾನು ಹೋದರೆ ಬಾಗಿಲಲ್ಲೇ ತಡೆದು, ತಗ್ಗಿದ ದನಿಯಲ್ಲಿ, ಏನೋ ಸದ್ಯಾ, ನನ್ನ ಗಂಡನ ಡಬ್ಬಿ ಯಾವ ಗಂಡ ತಿಂದ?

ಹೇಳಿದೆ, ಎಲ್ಲ ಹೇಳಿದೆ. ಆಕೆ ಸೆರಗು ಬಾಯಿಗೆ ಹಿಡಿದು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ, ಆಮೇಲೆ, ಡಬ್ಬಿ ದಿನಾ ಕೊಡ್ತೀನಿ, ಹುಡುಗೂರು ಬರ್ಲಿ, ಮನಿ ಮುಂದ ಗಾಡಿ ಸಪ್ಪಳಾದ್ರ ಇವರ ಮುಖ ಅರಳ್ತದ, ನನ್ನ ನೋಡಾಕ ಬಂದಾರ ಅಂತ ತಿಳದಾರ, ಮಲಗ್ಯಾರ ಅಂತ ಹೇಳಿ ಕಳಸಿದೆ ಅಂತ ಇವರಿಗೆ ಹೇಳ್ತೀನಿ, ಆದ್ರ ನಿಮ್ಮ ದನಿ ಕದ್ದೀನಿ ಅಂತ ಇವರಿಗೆ ನೀನ ಹೇಳಬೇಕು, ನಾ ಹೇಳಾಂಗಿಲ್ಲ. ಹೇಳುತ್ತೇನೆ ಅಂದೆ. ಹೇಳಲಿಲ್ಲ. ಪ್ರತಿ ಸಂಜೆ ಮೋಸಂಬಿ ಹೊತ್ತು ಹೋಗುತ್ತೇನೆ, ಖಾಲಿ ಡಬ್ಬಿ ಚೀಲದಲ್ಲಿ ಅಡಗಿಸಿ ಅಡಿಗೆಮನೆಗೆ ದಾಟಿಸುತ್ತೇನೆ, ಮಂಚದ ಪಕ್ಕ ಕೂತು ಎಲ್ಲರನ್ನೂ ಮಾಡಿ ತೋರಿಸುತ್ತೇನೆ, ಸೇಠರನ್ನು, ಡಾಕ್ಟರನ್ನು, ಹುಲಿಗೆವ್ವ ಸ್ಲ್ಯಾಬಿನ ಮೇಲಿಂದ ಬೈಯುವುದನ್ನು, ಗುರಣ್ಣನ ಭುಜ ಕುಣಿಯುತ್ತದೆ, ಆದರೆ ಸಪ್ಪಳವಿಲ್ಲದ ನಗು ಅವನಿಗೇ ಹಿಡಿಸುವುದಿಲ್ಲ, ಅರ್ಧಕ್ಕೆ ಬಾಯಿಗೆ ಬಟ್ಟೆ ಒತ್ತಿಕೊಂಡು ಗೋಡೆಯ ಕಡೆ ಹೊರಳುತ್ತಾನೆ. ಹಾರ್ನಿನ ಭಾಷೆಯಲ್ಲಿ ಹೌದು ಇದೆ, ಇಲ್ಲ ಇದೆ, ರುದ್ರವ್ವ ಇದ್ದಾಳೆ, ನಗು ಇಲ್ಲ. ಮೊನ್ನೆ ಎಲ್ಲರದೂ ಮುಗಿದ ಮೇಲೆ ಎದೆ ಮುಟ್ಟಿಕೊಂಡು ಬೆರಳು ತೋರಿಸಿದ, ನಂದು ಮಾಡು. ಈಗ ಹೇಳು, ಈಗಲೇ ಹೇಳು ಸದ್ಯಾ, ಇಲ್ರಿ ಗುರಣ್ಣಾ, ನಿಮ್ಮ ದನಿ ನನಗ ಬರೂದಿಲ್ಲ ಅಂದುಬಿಟ್ಟೆ. ಅವನು ನನ್ನನ್ನೇ ನೋಡಿದ, ಪೊಂ ಪೊಂ. ಇಲ್ಲ. ಏನು ಇಲ್ಲ, ಸುಳ್ಳು ಅಂತಲೋ, ಬೇಡ ಬಿಡು ಅಂತಲೋ, ಕಪ್ಪು ರಬ್ಬರಿನ ಗುಂಡು ಅವನ ಮುಷ್ಟಿಯಲ್ಲಿ ನಿಧಾನಕ್ಕೆ ಉಬ್ಬಿತು. ಅವನಿಗೆ ಉಳಿದಿರುವುದೇ ತನ್ನ ದನಿ ಹೇಗಿತ್ತು ಅನ್ನುವ ನೆನಪು, ಅದನ್ನೂ ನಾನು ಹೊತ್ತುಕೊಂಡು ಹೋಗಿ ದಿನಗೂಲಿಗೆ ದುಡಿಸುತ್ತಿದ್ದೇನೆ, ಗೊತ್ತಾದ ದಿನ ಆ ಬಾಗಿಲು ನನಗೆ ಮುಚ್ಚಿದರೆ ಈ ಊರಿನಲ್ಲಿ ನನಗೆ ಊಟ ಆತೇನೋ ಅಂತ ಕೇಳುವವರು ಯಾರು, ಬಾಯಿ ತುಂಬ ಅದೇ ಮಾತು ಆಡುವವನು ನಾನು, ನನ್ನನ್ನು ಕೇಳುವವರು ಯಾರು.

ಸದಾನಂದ, ಲಕ್ಷ ಎಲ್ಲದ ನಿಂದು – ರಂಜನಾ ಪಕ್ಕದ ಕುರ್ಚಿಯಲ್ಲಿ, ಬೆರಳು ಕೀಲಿಮಣೆಯ ಮೇಲೆ, ಇವತ್ತು ಈ ವಾನವಡಿ ಚೂಕ್ ತಗದಬಿಡ್ತೀನಿ ನೋಡು, ಖರಾಡಿಯ ಸ್ಲ್ಯಾಬಿಗೆ ಮಾಲು ಕಾಯ್ಲಿಕತ್ತಾರ, ಇದು ಗಾಡಿ ನಿಲ್ಲಸಲಿಕತ್ತದ. ಒಂದು ನಿಮಿಷ ತಡಿಯವಾ, ಡಬ್ಬಿ ಬರ್ಲಿ ಅನ್ನಲಾರೆ, ಅವಳಿಗೆ ಡಬ್ಬಿ ಗೊತ್ತಿಲ್ಲ, ದಿನಾ ನಾನು ಕೆಳಗೆ ಹೋಗಿ ತಿಂದುಬರುತ್ತೇನೆ, ಕೆಲವು ಗುಟ್ಟುಗಳಿಗೆ ಎಣ್ಣೆಗಾಯಿಯ ವಾಸನೆ. ಸುಮ್ಮನೆ ತಡಿ ಅಂದೆ. ವೈರ್‌ಲೆಸ್ಸು ಕರಕರ, ಹುಲಿಗೆವ್ವ ಸೈಟಿನ ಸೆಟ್ಟನ್ನೇ ಕಸಿದುಕೊಂಡಿದ್ದಾಳೆ, ಏ ಗುರಣ್ಣಾ, ಮಾಲ ಎಲ್ಲದೋ, ಅರ್ಧಾ ಸ್ಲ್ಯಾಬ ಹಾಕಿ ಕುಂತೀವಿ, ಬಿಸಲಿಗೆ ಒಣಗಿದ್ರ ಜೋಡ ಕೂಡಾಂಗಿಲ್ಲ, ನಿನ್ನ ಹೆಸರಲೇ ಒದರ್ಕೋತೀನಿ ನೋಡು. ನಾನು ಗದ್ದ ಇಳಿಸಿ, ಬಂತ ಬಂತ ಹುಲಿಗೆವ್ವಾ, ನಿನ್ನ ಬಾಯಿಗಿಂತ ಮದಲ ಮುಟ್ತದ. ಆಕೆ ನಕ್ಕಳು. ಅವ್ವಣ್ಣಾ, ಎಲ್ಲಿದ್ದೀ? ಗಾಡಿ ಗುರಣ್ಣನ ಮನೆಮುಂದೆ ನಿಂತಿರಬೇಕು, ಅವನು ಬಾಗಿಲು ಬಡಿಯಲು ಇಳಿದಿರಬೇಕು, ಸೆಟ್ಟು ಗಾಡಿಯಲ್ಲೇ ಜೋರಾಗಿ ಹಚ್ಚಿಟ್ಟಿರುತ್ತಾನೆ, ರಸ್ತೆಗೆಲ್ಲ ಕೇಳುವ ಹಾಗೆ, ನಾನು ಮತ್ತೂ ಜೋರಾಗಿ, ಪೂರಾ ಗುರಣ್ಣನಾಗಿ, ಏ ಅವ್ವಣ್ಣಾ, ಊಟ ಆತೇನೋ ಮಗನ, ಇಲ್ಲಾ ಅಲ್ಲೇ ಕುಂತು ನಿದ್ದಿ ಹೊಡ್ಯಾಕತ್ತಿಯೋ, ಲಗೂನ ಖರಾಡಿ ಮುಟ್ಟು – ಅನ್ನುವಾಗಲೇ ನೆನಪಾಯಿತು, ಇವತ್ತು ಸೋಮವಾರ. ಸೋಮವಾರ ಮಧ್ಯಾಹ್ನ ರುದ್ರವ್ವ ಮಠಕ್ಕೆ ಹೋಗುತ್ತಾಳೆ, ಡಬ್ಬಿಯನ್ನು ಹೊಸ್ತಿಲ ಹೊರಗಿನ ಕಟ್ಟೆಯ ಮೇಲೆ ಇಟ್ಟುಹೋಗುತ್ತಾಳೆ, ಅವ್ವಣ್ಣನಿಗೆ ಗೊತ್ತಿಲ್ಲ, ಸೋಮವಾರ ಬರುವವನು ಬೇರೆ ಹುಡುಗ, ಅವ್ವಣ್ಣ ಬಾಗಿಲು ಬಡಿಯುತ್ತಾನೆ, ಬಡಿಯುತ್ತಲೇ ಇರುತ್ತಾನೆ, ಗಾಡಿಯಿಂದ ಗುರಣ್ಣನ ದನಿ ಕೂಗುತ್ತಲೇ ಇರುತ್ತದೆ, ಒಳಗಿನಿಂದ, ಕೊನೆಗೆ, ಒಳಗಿನಿಂದ –

ವೈರ್‌ಲೆಸ್ಸು ತೆರೆಯಿತು. ಓಡಿಬಂದವನ ಏದುಸಿರು. ಗುರಣ್ಣಾ, ಅವ್ವಣ್ಣ ಕೂಗುತ್ತಾನೆ, ಗುರಣ್ಣಾ, ನೀ ಎಲ್ಲಿದ್ದೀ? ನೀ ಇಲ್ಲೇ ಇದ್ದೀಯಲ್ಲೋ! ಇಲ್ಲಿ ಬಾಗಲದಾಗ ಒಬ್ಬ ಗುರಣ್ಣ ನಿಂತಾನ, ವೈರ್‌ಲೆಸ್ಸಿನ ಡಬ್ಬ್ಯಾಗ ಒಬ್ಬ ಗುರಣ್ಣ ಮಾತಾಡ್ಲಾಕತ್ತಾನ, ಯಪ್ಪಾ ದೇವ್ರೆ, ಇದೇನ ಇದು, ಕೊಳ್ಳಿಗೆ ಬಿಳಿ ಅರಬಿ ಸುತ್ಯಾನ, ಕೈಯಾಗ ರಿಕ್ಷಾದ ಹಾರ್ನ ಹಿಡದಾನ, ಮಾತಾಡಂದ್ರ ಮಾತಾಡ್ವಲ್ಲ – ಗುಂಡಿ ಬಿಟ್ಟ. ಒಂದೇ ಚಾನೆಲ್ಲು, ಪುಣೆಯ ಎಲ್ಲ ಗಾಡಿಗಳಲ್ಲೂ ಎಲ್ಲ ಹುಡುಗರೂ ಕೇಳಿದರು, ಹುಲಿಗೆವ್ವ ಕೇಳಿದಳು, ರಂಜನಾ ಕೈಯನ್ನು ಬಾಯಿಗೆ ಒಯ್ದಳು. ನನ್ನ ಗದ್ದ ಇನ್ನೂ ಎದೆಗೇ ಅಂಟಿದೆ, ಕೆನ್ನೆಯಲ್ಲಿ ಇಲ್ಲದ ಎಲೆಅಡಿಕೆ ಇನ್ನೂ ಇದೆ, ಗುಂಡಿ ಅದುಮಿ ಏನಾದರೂ ಹಾರಿಸಬಹುದು, ಏ ಅವ್ವಣ್ಣಾ ಬಿಸಲಿಗೆ ತಲಿ ತಿರಗ್ಯದೇನೋ ಅನ್ನಬಹುದು, ಅಂದರೆ ಹೊಸ್ತಿಲಲ್ಲಿ ನಿಂತ ಆ ಮನುಷ್ಯನ ಕಿವಿಗೆ ಅವನದೇ ದನಿ ಅವನನ್ನೇ ಸುಳ್ಳು ಮಾಡುತ್ತದೆ, ಇಲ್ಲ, ಅಷ್ಟು ಕೆಟ್ಟ ಕಲಾವಿದ ನಾನಲ್ಲ, ಗದ್ದ ಎತ್ತಿದೆ, ಕೆನ್ನೆ ಖಾಲಿ ಮಾಡಿದೆ, ಗುಂಡಿ ಅದುಮಿದೆ, ಹೊರಬಂದ ದನಿ ಎಷ್ಟು ತೆಳ್ಳಗೆ, ಯಾರದಪ್ಪ ಇದು, ನನ್ನದೇ – ಅವ್ವಣ್ಣಾ, ನಾ ಸದಾನಂದ. ಇಷ್ಟದಿನಾ ಮಾತಾಡಿದ್ದು ನಾನ. ಗುರಣ್ಣನ ಗಂಟಲಾ ತಗದಾರ. ಅಂವ ನಿಮ್ಮ ಮುಂದ ಬರಾಕ ಒಪ್ಪಲಿಲ್ಲ, ನೀವು ಅಳಿಯನ ಮಾತ ಕೇಳಾಕ ಒಪ್ಪಲಿಲ್ಲ, ನಡುವ ನಾ ಚೇಷ್ಟೆ ಮಾಡಿದೆ. ದಾರಿ ಎಲ್ಲಾ ಅಳಿಯಂದು. ಅಳಿಯ ಕಲ್ತದ್ದು ಗುರಣ್ಣನ ಕಡೆ. ಡಬ್ಬಿ ತರೂದೂ ಸೈತ ಅಂವನ ಕಡೇನ ಕಲ್ತಾನ. ರಂಜನಾ ತಟ್ಟನೆ ನನ್ನ ಕಡೆ ತಿರುಗಿದಳು, ಡಬ್ಬಿ? ಮ್ಹಣಜೇ, ಅಂದ್ರ, ವಾನವಡಿ? ಪರದೆ ನೋಡಿದಳು, ನನ್ನನ್ನು ನೋಡಿದಳು, ಕೀಲಿಮಣೆಯಿಂದ ಬೆರಳು ತೆಗೆದಳು, ಬಿಸಿ ತಾಗಿದವಳ ಹಾಗೆ.

ಕರಕರ. ಅವ್ವಣ್ಣ ಮೆಲ್ಲಗೆ, ಯಾರಿಗೋ ಪಕ್ಕದಲ್ಲಿದ್ದವರಿಗೆ ಹೇಳುತ್ತಿದ್ದಾನೆ, ಗುಂಡಿ ಒತ್ತಿಕೊಂಡೇ, ಹತ್ತು ಯಣ್ಣಾ, ಕೈ ಕೊಡು, ಹಾಂ, ಕಾಲಿಡು ಇಲ್ಲಿ – ಗಾಡಿಯ ಬಾಗಿಲು ಧಡ್ ಅಂತು, ಹಿಂದೆ ಡ್ರಮ್ಮು ಗರಗರ – ಸದಾನಂದಪ್ಪಾ, ಅಂವ ಗಾಡಿ ಹತ್ಯಾನ, ನನ್ನ ಬಾಜೂಕ ಕುಂತಾನ, ಮಾಲ ತಿರಗಲಾಕತ್ತದ, ಈಗ ನಾ ಯಾರ ಮಾತ ಕೇಳ್ಲಿ? ಅಳಿಯ ಏನಂತಾನ? ಓದಿದೆ, ನನ್ನದೇ ತೆಳು ದನಿಯಲ್ಲಿ, ಬೈಗುಳವಿಲ್ಲದೆ, ಹಡಪಸರ್ ಮೇಲೆ, ಮುಂಢವಾ ಸೇತುವೆ, ಖರಾಡಿ. ಬೈಗುಳವಿಲ್ಲದ ದಾರಿ ಎಷ್ಟು ಬತ್ತಲೆ ಕೇಳುತ್ತದೆ. ಅವ್ವಣ್ಣ ಕೇಳಿದ, ಯಣ್ಣಾ, ಈ ದಾರಿ ಹಿಡೀಲೇನು? ರಂಜನಾಗೆ ಹಾರ್ನಿನ ಭಾಷೆ ಗೊತ್ತಿಲ್ಲ, ಅವಳು ನನ್ನ ಮುಖ ನೋಡುತ್ತಿದ್ದಾಳೆ, ಪೊಂ. ಒಂದು. ಎರಡನೆಯದು ಬರುತ್ತದೆ, ಈಗ ಬರುತ್ತದೆ, ಬರಲಿಲ್ಲ. ಒಂದೇ. ಹೌದು ಅಂತಾನ, ನಾನು ಕಿರುಚಿದೆ, ಹೋಗೋ ಅವ್ವಣ್ಣಾ, ಒಂದು ಅಂದ್ರ ಹೌದು! ಇಂಜಿನ್ನು ಗುಡುಗಿತು, ಗೇರು ಬಿತ್ತು, ಹುಲಿಗೆವ್ವ ನಡುವೆ ನುಗ್ಗಿ ಯಾರರೆ ಬರ್ರೋ, ಖರೇ ಗುರಣ್ಣ ಬರ್ಲಿ ಖೊಟ್ಟಿ ಗುರಣ್ಣ ಬರ್ಲಿ, ಮಾಲ ಬರ್ಲಿ ಅಂದಳು.

ದಾರಿಯದಾಯಿತು. ನನ್ನದಾಗಲಿಲ್ಲ. ಗುಂಡಿಯ ಮೇಲೆ ಹೆಬ್ಬೆರಳು ಇನ್ನೂ ಇದೆ, ಗುರಣ್ಣನನ್ನೇ ಕೇಳದಿದ್ದರೆ ಸಂಜೆ ಮೋಸಂಬಿ ಹಿಡಿದು ಆ ಬಾಗಿಲಿಗೆ ಹೇಗೆ ಹೋಗಲಿ, ಕೇಳಿದರೆ ಎಲ್ಲರೂ ಕೇಳುತ್ತಾರೆ, ಕೇಳಲಿ, ಗುರಣ್ಣಾ, ನಿಮ್ಮ ದನಿ ನಾ ಕದ್ದೆ, ಬರೂದಿಲ್ಲ ಅಂತ ಸುಳ್ಳ ಹೇಳಿದೆ, ನಿಮ್ಮ ಡಬ್ಬೀನೂ ತಿಂದೆ. ಸಿಟ್ಟ ಬಂದದೇನ್ರಿ? ಬಿಟ್ಟೆ. ಬರೀ ಗರಗರ, ಗಾಡಿಯದೋ ಹೊಟ್ಟೆಯದೋ, ಪೊಂ – ಒಂದು, ಹೌದು, ಬಂದಿದೆ, ಬರಲೇಬೇಕು, ಬರದೆ ಇರಲು ಅವನೇನು ಪೆಟ್ಟಿಗೆಯೇ, ಕಣ್ಣು ಮುಚ್ಚಿಕೊಂಡೆ – ಪೊಂ – ಎರಡು, ಇಲ್ಲ, ಇಲ್ಲ ಅಂದ, ರಂಜನಾ ಇಲ್ಲ ಅಂದ – ಪೊಂ – ಮೂರು, ರುದ್ರವ್ವ ಮಠದಲ್ಲಿದ್ದಾಳಲ್ಲ, ಯಾರನ್ನು ಕರೆಯುತ್ತಾನೆ – ಪೊಂ, ನಾಲ್ಕು, ನಾಲ್ಕಕ್ಕೆ ಅರ್ಥವೇ ಇಲ್ಲ, ಪೊಂ ಪೊಂ, ಇದು ಯಾವ ಭಾಷೆ, ಪೊಂಪೊಂಪೊಂ, ಅವ್ವಣ್ಣ ಅದರ ಮೇಲೆಯೇ ಕೂಗುತ್ತಾನೆ, ನಗಲಾಕತ್ತಾನೋ ಸದಾನಂದಾ, ಯಣ್ಣ ನಗಲಾಕತ್ತಾನ, ನನ್ನ ತೊಡಿ ಬಡ್ಯಾಕತ್ತಾನ, ಗಾಡಿ ಹೊಡ್ಯಾಕ ಬಿಡ್ವಲ್ಲ, ಕಣ್ಣಾಗ ನೀರು, ಪೊಂಪೊಂಪೊಂಪೊಂ, ವೈರ್‌ಲೆಸ್ಸು ಕಿರ್ರೋ ಅಂತು, ಮೊದಲಿನ ಹಾಗೆಯೇ ಕಿರ್ರೋ ಅಂತು, ಆವಾಜು ಕಡಿಮೆ ಮಾಡಲು ಕೈ ಹೋಯಿತು, ಮಾಡಲಿಲ್ಲ, ಕಾಣುತ್ತದೆ, ಇಲ್ಲಿಂದಲೇ ಕಾಣುತ್ತದೆ, ಹಿತ್ತಾಳೆಯ ಸೊಂಡಿಲು ವೈರ್‌ಲೆಸ್ಸಿನ ಬಾಯಿಗೆ ಬಾಯಿಟ್ಟು, ಅವನ ಮುಷ್ಟಿಯಲ್ಲಿ ಕಪ್ಪು ರಬ್ಬರಿನ ಗುಂಡು, ಹಿಂಡಿ, ಉಬ್ಬಿ, ಪೂರ್ತಿ ಉಬ್ಬುವುದರೊಳಗೇ ಮತ್ತೆ ಹಿಂಡಿ, ಉಬ್ಬಿ, ಕಪ್ಪು ರಬ್ಬರಿನ ಗುಂಡು